ಗ್ಯಾಸ್ಟ್ರಿಕ್ ಎಂದು ಹೇಳಿಸಿದವನು ನಾನೇ

ಎರಡು ವರ್ಷದ ಹಿಂದೆ ಮಗಳು ನಿಖಿತಾ ಚೊಂಬುಗಟ್ಟಲೆ ನೀರು ಕುಡಿಯತೊಡಗಿದಾಗ ನಾನು ಸೆಕೆಯನ್ನು ಬೈದೆ. ಕ್ಲಾಸಿನಿಂದ ಪದೇಪದೇ ಎದ್ದು ಹೋಗುತ್ತಾಳೆಂದು ಟೀಚರ್ ದೂರಿದಾಗ ಅವಳನ್ನು ಬೈದೆ. ಯೂನಿಫಾರ್ಮ್ ಸಡಿಲವಾದಾಗ ಸರಿಯಾಗಿ ಬಡಿಸುವುದಿಲ್ಲವೆಂದು ಹೆಂಡತಿ ಸುಜಾತಳನ್ನು ಬೈದೆ. ಮೂರು ವಾರ ಹೀಗೆ ಎಲ್ಲರನ್ನೂ ಬೈದು ಮುಗಿಸಿದ ಮೇಲೆ ಡಾಕ್ಟರ ಹತ್ತಿರ ಹೋದೆವು.

ಟೈಪ್ ಒನ್ ಡಯಾಬಿಟಿಸ್.

ಹದಿನಾಲ್ಕು ವರ್ಷದ ಹುಡುಗಿಗೆ ಶುಗರ್. ಪ್ರತಿ ಊಟಕ್ಕೆ ಮೊದಲು ಇನ್ಸುಲಿನ್, ರಾತ್ರಿ ಇನ್ನೊಂದು, ಜೀವಮಾನವಿಡೀ. ಹೆದರಬೇಡಿ, ಆದರೆ ಶಾಲೆಯಲ್ಲಿ, ಗೆಳತಿಯರಿಗೆ ತಿಳಿಸಿಡಿ ಎಂದರು ಡಾಕ್ಟರು. ನಾನು ತಲೆಯಾಡಿಸಿದೆ.

ನಾನು ಭಟ್ಕಳ–ಹೊನ್ನಾವರ ನಡುವೆ ಟೆಂಪೋ ಓಡಿಸುವವನು. ಸುದ್ದಿ ಹೇಗೆ ಓಡಾಡುತ್ತದೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ಮಂಕಿಯಲ್ಲಿ ಒಬ್ಬಳು ಪಿಸುಗುಟ್ಟಿದ್ದು ಕಾಸರಕೋಡ ಮುಟ್ಟುವಷ್ಟರಲ್ಲಿ ಹಿಂದಿನ ಸೀಟಿನವರೆಗೂ ತಲುಪಿರುತ್ತದೆ. ಯಾರ ಮಗಳ ಸಂಬಂಧ ಯಾಕೆ ಮುರಿಯಿತು ಎಂಬುದನ್ನು ನನ್ನ ಗಾಡಿಯಲ್ಲೇ ಎಷ್ಟು ಸಲ ಕೇಳಿಲ್ಲ? ಅದಕ್ಕೇ, ಯಾರು ಕೇಳಿದರೂ ಗ್ಯಾಸ್ಟ್ರಿಕ್ ಅನ್ನಬೇಕೆಂದು ಸುಜಾತಳಿಗೆ ಹೇಳಿದೆ. ಅವಳು ಮಗಳಿಗೆ ಹೇಳಿದಳು.

ನಮ್ಮ ಮನೆಯಲ್ಲಿ ಮಾತು ಹೋಗುವ ದಾರಿಯೇ ಅದು. ದಿನವಿಡೀ ರಸ್ತೆಯಲ್ಲಿ ಗಂಟಲು ಹರಿದುಕೊಳ್ಳುವ ನಾನು ಮಗಳೊಡನೆ ನೇರವಾಗಿ ಮಾತಾಡಿದ್ದು ಕಡಿಮೆ. ನನ್ನಪ್ಪನೂ ನನ್ನೊಡನೆ ಮಾತಾಡಿದವನಲ್ಲ. ಅದು ದೊಡ್ಡಸ್ತಿಕೆ ಅಂದುಕೊಂಡಿದ್ದೆ. ಶುಗರ್ ಬರೆದಿಡುವ ಪುಸ್ತಕವನ್ನು ಮಾತ್ರ ದಿನಾ ಸಂಜೆ ತರಿಸಿ ನೋಡುತ್ತಿದ್ದೆ. ಇನ್ನೂರು ದಾಟಿದ್ದರೆ ಪುಸ್ತಕ ಎಸೆದು, ಕದ್ದು ಎಂತ ತಿಂದಿದ್ದಾಳೆ ಕೇಳು ಎಂದು ಸುಜಾತಳ ಮೇಲೆ ಕೂಗುತ್ತಿದ್ದೆ. ಒಳಗಿನ ಕೋಣೆಯಲ್ಲಿ ಮಗಳಿಗೆ ಎಲ್ಲ ಕೇಳಿಸುತ್ತಿತ್ತು. ಸ್ವಲ್ಪ ದಿನಕ್ಕೆ ನೂರಿಪ್ಪತ್ತು, ನೂರಮೂವತ್ತು ಬರತೊಡಗಿತು. ಕೂಗಿದ್ದಕ್ಕೆ ಫಲ ಸಿಕ್ಕಿತೆಂದು ಬೀಗಿದೆ.

ಅವೆಲ್ಲ ಸುಳ್ಳು ಲೆಕ್ಕ. ಶುಗರ್ ನೋಡುವ ಮಷಿನ್ನಿನ ಮೆಮೊರಿಯಲ್ಲಿ ಇದ್ದದ್ದೇ ಬೇರೆ. ಇದು ಗೊತ್ತಾದದ್ದು ಕಳೆದ ತಿಂಗಳು, ಆಸ್ಪತ್ರೆಯಲ್ಲಿ.

ಆ ದಿನ ಕಾಲೇಜಿನ ಗೆಳತಿ ದೀಪ್ತಿಯ ಬರ್ತ್‌ಡೇ. ಹೊನ್ನಾವರದ ಅವರ ಮನೆಯಲ್ಲಿ ಏಳೆಂಟು ಹುಡುಗಿಯರು. ಕೇಕು, ಐಸ್‌ಕ್ರೀಮು ಎಲ್ಲರಂತೆ ತಿನ್ನಬೇಕೆಂದು ನಿಖಿತಾ ಬಾತ್‌ರೂಮಿಗೆ ಹೋಗಿ ಇನ್ಸುಲಿನ್ ಚುಚ್ಚಿಕೊಂಡಿದ್ದಾಳೆ, ಅಂದಾಜಿನ ಮೇಲೆ, ಹತ್ತು ಯೂನಿಟ್ ಹೆಚ್ಚಿಗೆ. ಹೀಗೆ ಮಾಡಿದ್ದು ಅದೇ ಮೊದಲಲ್ಲವಂತೆ. ಅವತ್ತು ದೀಪ್ತಿಯ ಅಪ್ಪ ಬರಲಿ ಎಂದು ಕೇಕ್ ಕತ್ತರಿಸುವುದು ತಡವಾಯಿತು. ಹೊಟ್ಟೆಗೆ ಏನೂ ಬೀಳದೆ ಶುಗರ್ ಇಳಿಯುತ್ತ ಹೋಗಿ ಇವಳು ಬೆವರಿದಳು, ಕೈ ನಡುಗಿತು, ಮಾತು ತೊದಲಿತು. ಎಲ್ಲರಿಗೂ ಗೊತ್ತಿದ್ದದ್ದು ಒಂದೇ, ನಿಖಿತಾಳಿಗೆ ಗ್ಯಾಸ್ಟ್ರಿಕ್. ಪಾಪ, ದೀಪ್ತಿಯ ಅತ್ತೆ ಬೆನ್ನು ನೀವಿದರು, ಉಪ್ಪು ಹಾಕಿದ ಸೋಡಾ ಕುಡಿಸಿದರು. ಹೊಟ್ಟೆ ಸರಿಯಾಗುವವರೆಗೆ ಏನೂ ತಿನ್ನಬೇಡ ಎಂದು ಕೊನೆಗೂ ಕತ್ತರಿಸಿ ಅವಳ ಮುಂದಿಟ್ಟ ಕೇಕನ್ನು ಎತ್ತಿ ಒಳಗಿಟ್ಟರು.

ಎರಡು ತುತ್ತು ಕೇಕ್ ಸಾಕಿತ್ತು.

ಫಿಟ್ಸ್ ಬಂದ ಮೇಲೆ ರಿಕ್ಷಾದಲ್ಲಿ ಹಾಕಿಕೊಂಡು ಹತ್ತಿರದ ಆಸ್ಪತ್ರೆಗೆ ಒಯ್ದರು. ಶುಗರ್ ಇದೆಯಾ ಎಂದು ಡ್ಯೂಟಿ ಡಾಕ್ಟರ್ ಕೇಳಿದಾಗ, ಇಲ್ಲ, ಗ್ಯಾಸ್ಟ್ರಿಕ್ ಎಂದಳಂತೆ ದೀಪ್ತಿ. ನಂಬದೆ ಬೆರಳು ಚುಚ್ಚಿ ನೋಡಿದ ಆ ಡಾಕ್ಟರ ಕಾಲಿಗೆ ನಾನು ಬೀಳಬೇಕು. ಶುಗರ್ ಇಪ್ಪತ್ತೆಂಟಕ್ಕೆ ಇಳಿದಿತ್ತು.

ನಾನು ಟೆಂಪೋ ನಿಲ್ಲಿಸಿ ಓಡಿಹೋದಾಗ ಐಸಿಯುನಲ್ಲಿ ಗ್ಲೂಕೋಸ್ ಹೋಗುತ್ತಿತ್ತು. ಸಂಜೆ ಕಣ್ಣು ಬಿಟ್ಟಳು. ಬಿಟ್ಟಳೆಂದು ಸಮಾಧಾನವಾದ ಕೂಡಲೇ ನನ್ನ ಸಿಟ್ಟು ನೆತ್ತಿಗೇರಿತು. ಪುಸ್ತಕದಲ್ಲಿ ಸುಳ್ಳು, ಇನ್ಸುಲಿನ್ನಿನಲ್ಲಿ ಆಟ, ಇವಳಿಗೆ ಜೀವ ಅಂದರೆ ಏನು? ಮಂಚದ ಪಕ್ಕ ನಿಂತು ಸುಜಾತಳಿಗೆ ಹೇಳಿದೆ, "ಕೇಳು ಅವಳ ಹತ್ರ, ಎಂತಕ್ಕೆ ಹೀಗ್ ಮಾಡ್ದೆ ಅಂತ."

ಹದಿನೆಂಟು ವರ್ಷದ ಸಂಸಾರದಲ್ಲಿ ಎದುರಾಡದವಳು ನನ್ನನ್ನೇ ನೋಡಿದಳು. "ಅದು ಇಲ್ಲೇ ಮಲ್ಕಂಡದೆ. ನೀವೇ ಕೇಳಿ. ನಂಗೆ ಸಾಕಾತು."

ಮಗಳೇ ಹೇಳಿದಳು, ನಿಧಾನಕ್ಕೆ, ಸೀಲಿಂಗ್ ನೋಡುತ್ತ.

"ಹೆಚ್ಚು ತಕಂಡದ್ದು ನನ್ನ ತಪ್ಪೇ ಅಪ್ಪ. ಆದ್ರೆ ಸಕ್ರೆ ಕೊಡಿ ಅಂತ ಹೇಳೂಕೆ ನಂಗೆ ನಾಲಿಗೆ ಹೊರಳ್ಲಿಲ್ಲ. ಅಲ್ಲಿ ಮತ್ಯಾರಿಗೂ ಗೊತ್ತಿರ್ಲಿಲ್ಲ."

ಸಿಟ್ಟು ಹೋಗಲಿಲ್ಲ. ಈಗಲೂ ಹೋಗಿಲ್ಲ. ಅವಳ ಮೇಲಿದೆ, ಹದಿನಾರು ವರ್ಷಕ್ಕೆ ಔಷಧಿಯೊಡನೆ ಹುಡುಗಾಟವಾಡಿದ್ದಕ್ಕೆ. ಆದರೆ ಹೆಚ್ಚಿನದು ನನ್ನ ಮೇಲೆಯೇ ಇದೆ. ಎಂದೋ ಬರುವ, ಇನ್ನೂ ಮುಖ ಗೊತ್ತಿಲ್ಲದ ಅಳಿಯನಿಗೆ ಹೆದರಿ ನಾನು ಮಗಳನ್ನೇ ಕಳೆದುಕೊಳ್ಳುತ್ತಿದ್ದೆ. ಸತ್ತ ಹುಡುಗಿಗೆ ಯಾರು ಮದುವೆ ಮಾಡುತ್ತಾರೆ? ಸುಳ್ಳು ಹೇಳು ಎಂದವನು ನಾನು. ಅವಳು ನನಗೂ ಸುಳ್ಳು ಹೇಳಿದಳೆಂದು ಕುಣಿದಾಡಿದವನೂ ನಾನು.

ಡಿಸ್ಚಾರ್ಜ್ ಆದ ವಾರದ ಮೇಲೆ ಅವಳು ಕಾಲೇಜಿಗೆ ನನ್ನ ಟೆಂಪೋದಲ್ಲೇ ಬಂದಳು, ಮುಂದಿನ ಸೀಟಿನಲ್ಲಿ. ಹಿಂದಿನಿಂದ ಮೀನು ಮಾರುವ ಗಿರಿಜಕ್ಕ, ಮಗಳ ಗ್ಯಾಸ್ಟ್ರಿಕ್ ಕಮ್ಮಿ ಆತಾ ಎಂದು ವಿಚಾರಿಸಿದಳು. ಗಾಡಿ ಶರಾವತಿ ಸೇತುವೆಯ ಮೇಲಿತ್ತು. ಮಗಳು ಕಿಟಕಿಯತ್ತ ತಿರುಗಿದಳು.

"ಗ್ಯಾಸ್ಟ್ರಿಕ್ ಅಲ್ಲ ಗಿರಿಜಕ್ಕ, ಶುಗರ್. ಇನ್ಸುಲಿನ್ ತಕಂತಾಳೆ. ಬೆವರಿ ನಡುಗಿದ್ರೆ ಬಾಯಿಗೆ ಸಕ್ರೆ ಹಾಕ್ಬೇಕು. ಎಲ್ರೂ ನೆನಪಿಟ್ಕಣಿ."

ಜಗಳಕ್ಕೆ ನಿಂತವನಂತೆ ಕೂಗಿದ್ದೆ. ಹೊನ್ನಾವರದಲ್ಲಿ ಇಳಿಯುವಾಗ ಗಿರಿಜಕ್ಕ, ತನ್ನ ತಂಗಿಯ ಮಗನಿಗೂ ಅದೇ, ಇಷ್ಟು ದಿನ ಹೇಳಿರಲಿಲ್ಲ ಎಂದಳು. ನಿಖಿತಾ ಇಳಿದು ಕಾಲೇಜಿನತ್ತ ನಡೆದಳು.

ನಿನ್ನೆ ಮಧ್ಯಾಹ್ನ ಭಟ್ಕಳ ಸ್ಟ್ಯಾಂಡಿನಲ್ಲಿದ್ದಾಗ ಫೋನ್ ಬಂತು. ಅವಳದು. ಅಮ್ಮನಿಗಲ್ಲ, ನನಗೆ.

"ಅಪ್ಪ, ಶುಗರ್ ಇನ್ನೂರಾ ಎಂಬತ್ತದೆ. ಐಸ್‌ಕ್ರೀಮ್ ತಿಂದೆ. ಬೈಯೂದಾದ್ರೆ ಈಗ್ಲೇ ಬೈದ್ಬಿಡಿ."

ಬೈದೆ. ಸ್ಟ್ಯಾಂಡಿನವರೆಲ್ಲ ತಿರುಗಿ ನೋಡುವಷ್ಟು ಬೈದೆ. ಅವಳು ಫೋನ್ ಇಡಲಿಲ್ಲ. ಉಸಿರು ತೆಗೆದುಕೊಂಡು ಕೇಳಿದೆ, ಡಾಕ್ಟರ್ ಕೊಟ್ಟ ಚೀಟಿಯಲ್ಲಿ ಇದಕ್ಕೆ ಎಷ್ಟು ಯೂನಿಟ್ ಬರೆದಿದ್ದಾರೆ ನೋಡು. ಅವಳು ಚೀಟಿ ತೆಗೆದು ಓದತೊಡಗಿದಳು. ಹೊರಡುವ ಹೊತ್ತಾಗಿತ್ತು, ಹಿಂದಿನಿಂದ ಹಾರ್ನ್ ಹೊಡೆಯುತ್ತಿದ್ದರು. ಹೊಡೆಯಲಿ ಎಂದು ಪೂರ್ತಿ ಕೇಳಿಸಿಕೊಂಡೆ.