ಬಾಯಿ ಮುಚ್ಚಿದ ಮನೆ

ಗುರುಸಾಮಿಗೆ ಭಯವೇ ಬಂಡವಾಳ. ತಮಿಳುನಾಡಿನ ಚಿನ್ನಮನೂರಿನ ಅಕ್ಕಿ ಮಿಲ್ಲುಗಳಲ್ಲಿ ಮೂಟೆ ನೋಡಿ ಕೊಡುವುದು ಅವನ ಮೂವತ್ತು ವರ್ಷದ ಕೆಲಸ. ಕಂಬಂ ಕಣಿವೆಯ ಯಾವ ಮಿಲ್ಲಿನವನೇ ಆಗಲಿ, "ನಂಬಿ ತಗೊಳ್ಳಿ, ಒಳ್ಳೇ ಸರಕು" ಎಂದರೆ ಸಾಕು, ಇವನ ಎದೆ ಡವಗುಟ್ಟುತ್ತಿತ್ತು. ಎದೆ ಡವಗುಟ್ಟಿತೆಂದರೆ ಕೈ ತಾನಾಗಿ ಸೊಂಟದ ಕುತ್ತೂಸಿಗೆ ಹೋಗುತ್ತಿತ್ತು. ಒಂದೂವರೆ ಗೇಣಿನ ಉಕ್ಕಿನ ಕೊಳವೆ ಅದು. ತುದಿ ಚೂಪು, ಹೊಟ್ಟೆ ಟೊಳ್ಳು. ಮೂಟೆಯ ನಡುವಿಗೆ ಚುಚ್ಚಿ ಎಳೆದರೆ ಒಳಗಿನ ಅಕ್ಕಿ ಒಂದು ಹಿಡಿ ಅದರ ಹೊಟ್ಟೆಯಲ್ಲಿ ಕೂತು ಹೊರಗೆ ಬರುತ್ತದೆ. ಮೇಲೆ ಮಲ್ಲಿಗೆಯಂಥ ಅಕ್ಕಿ ಹರಡಿ ನಡುವೆ ನುಚ್ಚು ತುಂಬಿದವರ ಮುಖವನ್ನು ಅವನು ಎಷ್ಟೋ ಸಲ ಆ ಕೊಳವೆಯ ಆಚೆಯಿಂದ ನೋಡಿದ್ದಾನೆ.

ಮಾರುಕಟ್ಟೆಯವರು ಅವನಿಗೆ 'ಡವಡವ' ಎಂದು ಹೆಸರಿಟ್ಟಿದ್ದರು. ಕೆಲಸಕ್ಕೆ ಕರೆಯುವಾಗ ಮಾತ್ರ 'ಅಣ್ಣಾಚಿ' ಅನ್ನುತ್ತಿದ್ದರು. ಫ್ಯಾನಿನ ನೇರ ಕೆಳಗೆ ಮಲಗುವವನಲ್ಲ. ಗ್ಯಾಸ್ ಸಿಲಿಂಡರನ್ನು ಮೂಸದೆ ಮನೆಯಿಂದ ಹೊರಡುವವನಲ್ಲ. ಬೋಡಿನಾಯಕನೂರಿನ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಬಾಗಿಲ ಪಕ್ಕ ನಿಂತೇ ಹೋಗುತ್ತಾನೆ. ಕೂತರೆ ಹಾರಿಕೊಳ್ಳಲು ತಡವಾಗುತ್ತದಂತೆ.

ನಗುವವರಿಗೆ ಕಾರಣ ಗೊತ್ತಿರಲಿಲ್ಲ. ಎಂಟು ವರ್ಷದವನಿದ್ದಾಗ, ದೀಪಾವಳಿ ಹೊತ್ತಿನ ಐಪ್ಪಸಿ ತಿಂಗಳ ಮಳೆಯಲ್ಲಿ, ನೀರು ಕುಡಿಯಲೆಂದು ಮಂಚದಿಂದ ಎದ್ದಿದ್ದ. ಲೋಟ ಬಾಯಿಗೆ ಇಡುವಷ್ಟರಲ್ಲಿ ಹಿಂದಿನ ಮಣ್ಣುಗೋಡೆ ಮಂಚದ ಮೇಲೆ ಕೂತುಬಿಟ್ಟಿತು. ಬೀಳಲಿಲ್ಲ, ಕೂತಿತು, ದಣಿದ ಎಮ್ಮೆ ಕೂರುವ ಹಾಗೆ, ಹೆಚ್ಚು ಸದ್ದಿಲ್ಲದೆ. ಅವನ ಅಜ್ಜಿ ಮಣ್ಣು ಕೆರೆದು ಕೆರೆದು ಅವನ ಹೆಸರು ಕೂಗುತ್ತಿದ್ದಳು. ಅವನು ಅವಳ ಹಿಂದೆಯೇ ಲೋಟ ಹಿಡಿದು ನಿಂತಿದ್ದ, ದನಿ ಹೊರಡದೆ. ಅಂದಿನಿಂದ ಅವನಿಗೆ ಗೋಡೆ ಎಂದರೆ ಇನ್ನೂ ಕೂತಿಲ್ಲದ ಎಮ್ಮೆ.

ಇಂಥವನು ಮನೆ ಕೊಳ್ಳಲು ಹೊರಟ. ಹನ್ನೊಂದು ವರ್ಷದಿಂದ ಇದ್ದ ಬಾಡಿಗೆ ಮನೆಯನ್ನು ಬಿಟ್ಟುಕೊಡಿ ಎಂದು ಮಾಲೀಕ ಹೇಳಿಯಾಗಿತ್ತು. ಒಂದು ವರ್ಷದಲ್ಲಿ ಹದಿಮೂರು ಮನೆ ನೋಡಿ ಹದಿಮೂರನ್ನೂ ಬಿಟ್ಟಿದ್ದ. ಒಂದರ ತೊಲೆ ತಟ್ಟಿದರೆ ಕೆಮ್ಮುತ್ತದೆ. ಇನ್ನೊಂದಕ್ಕೆ ಹೊಸದಾಗಿ ಬಣ್ಣ ಬಳಿದಿದ್ದಾರೆ, ಯಾಕೆ ಬಳಿದರು? ಮತ್ತೊಂದರಲ್ಲಿ ಯಾವ ದೋಷವೂ ಸಿಗಲಿಲ್ಲ, ಅದಕ್ಕೇ ಹೆದರಿ ಬಿಟ್ಟ. ಆನಿ ತಿಂಗಳು ಮುಗಿಯಲು ಮೂರೇ ದಿನ ಉಳಿದಿತ್ತು. ಆಡಿ, ಅಂದರೆ ಆಷಾಢ, ಹುಟ್ಟಿದರೆ ಆ ಸೀಮೆಯಲ್ಲಿ ಯಾರೂ ಮನೆಯ ಮಾತು ಎತ್ತುವುದಿಲ್ಲ. ಅಷ್ಟರೊಳಗೆ ತಾಂಬೂಲ ಎತ್ತದಿದ್ದರೆ ತಾನು ತವರಿಗೆ ಹೋಗುವುದು ಸೈ ಎಂದು ಹೆಂಡತಿ ಪಾಂಡೀಶ್ವರಿ ಹೇಳಿದ್ದಳು. ಅವಳು ಹೇಳಿದ್ದನ್ನು ಮಾಡುವವಳು ಎಂಬುದೂ ಅವನ ಭಯಗಳಲ್ಲಿ ಒಂದು.

ಹದಿನಾಲ್ಕನೆಯದು ಬೋಡಿ ರಸ್ತೆಯಿಂದ ಎರಡು ಮೈಲಿ ಒಳಗಿನ ಹಳ್ಳಿಯಲ್ಲಿತ್ತು. ಮಾರುವವನು ತಂಗವೇಲ್, ಇವರ ಜನವೇ: ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಅವನಿಗೆ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸ. ತಾಯಿಯನ್ನೂ ಅಲ್ಲಿಗೇ ಕರೆದುಕೊಂಡು ಹೋಗುವವನಿದ್ದ. ಗುರುಸಾಮಿ ತೇನಿಯಿಂದ ಲೋಗೇಶ್ ಎಂಬ ಹುಡುಗ ಇಂಜಿನಿಯರನ್ನು ಕರೆಸಿ ಮನೆ ತೋರಿಸಿಯೂ ಆಗಿತ್ತು. ಅವನು ಸುತ್ತಿಗೆಯಿಂದ ಗೋಡೆ ತಟ್ಟಿ, ತೇವ ಅಳೆಯುವ ಯಂತ್ರವನ್ನು ಎರಡು ಸಲ ಕೀಂಗುಟ್ಟಿಸಿ, ಹನ್ನೊಂದು ಫೋಟೊ ಸಮೇತ ವಾಟ್ಸಾಪಿನಲ್ಲಿ ವರದಿ ಕಳಿಸಿದ್ದ. ಗೋಡೆ ಗಟ್ಟಿ, ಛಾವಣಿ ಗಟ್ಟಿ, ನೆಲ ಗಟ್ಟಿ.

"ಇಂಜಿನಿಯರೇ ಬರ್ದು ಕೊಟ್ಮ್ಯಾಲೆ ಇನ್ನೇನು ನೋಡೋದು?" ಎಂದಳು ಪಾಂಡೀಶ್ವರಿ.

"ಗಟ್ಟಿ ಅಂತ ಮೂರು ಸಲ ಬರ್ದವ್ನೆ. ಒಂದೇ ಸಲ ಬರ್ದಿದ್ರೆ ನಂಬ್ತಿದ್ದೆ" ಎಂದು ಗುರುಸಾಮಿ ಕುತ್ತೂಸಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಅವರು ಹೋದಾಗ ಬೆಳಿಗ್ಗೆ ಹತ್ತು ಗಂಟೆ. ಘಟ್ಟದ ಕಡೆಯಿಂದ ಗಾಳಿ ಹೊಡೆಯುತ್ತಿತ್ತು. ಜಗಲಿಯ ಮೇಲೆ ಹಿತ್ತಾಳೆ ತಟ್ಟೆಯಲ್ಲಿ ವೀಳ್ಯದೆಲೆ ಅಡಕೆ ಇಟ್ಟು ತಂಗವೇಲ್ ಕಾಯುತ್ತಿದ್ದ. ಮನೆ ಒಪ್ಪಿದರೆ ಆ ತಟ್ಟೆ ಎತ್ತುವುದು, ಎತ್ತಿದ ಮೇಲೆ ಹಿಂದಕ್ಕೆ ಸರಿಯುವಂತಿಲ್ಲ. ತಟ್ಟೆಯ ಪಕ್ಕ ಮಂಚದಲ್ಲಿ ಅವನ ತಾಯಿ ವೆಳ್ಳೈಯಮ್ಮಾಳ್ ಕೂತಿದ್ದಳು, ಒಣಗಿದ ಹುಣಿಸೆಕಾಯಿಯ ಹಾಗೆ ಬಾಗಿ. ಗುರುಸಾಮಿ ಕೈ ಮುಗಿದ. ಮುದುಕಿ ಅವನ ಮುಖ ನೋಡಿ ಸ್ಪಷ್ಟವಾಗಿ ಹೇಳಿದಳು:

"ಬಾಯಿ ಮುಚ್ಚವ್ರೆ."

ತಂಗವೇಲ್ ನಕ್ಕುಬಿಟ್ಟ. "ತಪ್ಪಾ ನಿನೆಚ್ಚುಕಾದೀಂಗ ಅಣ್ಣೇ, ತಪ್ಪು ತಿಳ್ಕೋಬ್ಯಾಡಿ. ಅಮ್ಮಾಗೆ ಗ್ಯಾನ ತಪ್ಪಿ ಎಲ್ಡು ವರ್ಸ ಆತು. ಬರೋರ್ಗೆಲ್ಲ ಬಾಯಿ ಮುಚ್ಚು, ಬಾಯಿ ಮುಚ್ಚು ಅಂತಾಳೆ. ಪಂಚಾಯ್ತಿ ಪ್ರೆಸಿಡೆಂಟ್ಗೂ ಅಂದ್ಬುಟ್ಳು!"

"ಪ್ರೆಸಿಡೆಂಟ್ ಮುಚ್ಚಿದ್ರಾ?" ಎಂದಳು ಪಾಂಡೀಶ್ವರಿ.

"ಎಲ್ಲಿ ಮುಚ್ತಾರಕ್ಕಾ, ಮೂರು ಗಂಟೆ ಮಾತಾಡಿ ಎದ್ದೋದ್ರು."

ಗುರುಸಾಮಿ ನಗಲಿಲ್ಲ. ಮನೆ ಕೊಳ್ಳಲು ಹೊಸ್ತಿಲಿಗೆ ಬಂದವನಿಗೆ ಹಿರಿಜೀವವೊಂದು ಬಾಯಿ ಮುಚ್ಚು ಅನ್ನುವುದು ಯಾವ ಲೆಕ್ಕದಲ್ಲೂ ಒಳ್ಳೆಯ ಶಕುನವಲ್ಲ. ಆದರೆ ಶಕುನಕ್ಕೆ ಹೆದರಿ ಹಿಂದಿರುಗಿದರೆ ಪಾಂಡೀಶ್ವರಿ ಅಲ್ಲಿಂದಲೇ ತವರಿನ ಬಸ್ಸು ಹತ್ತುತ್ತಾಳೆ. ಒಳಗೆ ಹೋದ.

ಗೋಡೆಗಳನ್ನು ಗೆಣ್ಣಿನಿಂದ ತಟ್ಟಿ ಕಿವಿಯಿಟ್ಟ. ಗಟ್ಟಿ. ತೊಲೆಗೆ ಕುತ್ತೂಸಿ ಚುಚ್ಚಿದ, ತುದಿ ಇಳಿಯಲಿಲ್ಲ. ಛಾವಣಿಯ ಮೂಲೆಗಳಿಗೆ ಮೊಬೈಲ್ ಬೆಳಕು ಬಿಟ್ಟ. ಒಂದು ಗೀರೂ ಇಲ್ಲ. ದೋಷ ಸಿಗದೆ ಹೋದಷ್ಟೂ ಅವನ ಬೆನ್ನು ತಣ್ಣಗಾಗುತ್ತಿತ್ತು.

ಅಡುಗೆಮನೆ ಆಮೇಲೆ ಹಿಂಬದಿಗೆ ಸೇರಿಸಿ ಕಟ್ಟಿದ್ದು. ಪಾಂಡೀಶ್ವರಿ ಅದರ ಕಿಟಕಿ ನೋಡಿದ ಕೂಡಲೇ ಸೋತಳು. ಕಿಟಕಿ ತೆಗೆದರೆ ಇಡೀ ಘಟ್ಟವೇ ಒಲೆಯ ಪಕ್ಕಕ್ಕೆ ಬಂದು ನಿಂತ ಹಾಗಿತ್ತು. ಅವಳು ನೇರ ಮೂಲೆಗೆ ಹೋಗಿ ಅಲ್ಲಿದ್ದ ಕಲ್ಲಿನ ಗ್ರೈಂಡರಿನ ಮೇಲೆ ಕೈಯೂರಿ, "ಇದನ್ನ ಬಿಟ್ಟು ಓಗ್ತೀಯಾ ತಂಗವೇಲು, ತಗೊಂಡು ಓಗ್ತೀಯಾ?" ಎಂದು ಮನೆಯೊಡತಿಯ ದನಿಯಲ್ಲೇ ಕೇಳಿದಳು.

ಗುರುಸಾಮಿ ಹೊಸ್ತಿಲು ದಾಟಲಿಲ್ಲ. ಹೊಸ್ತಿಲಿನ ಕಲ್ಲಿನಲ್ಲಿ ನಾಲ್ಕು ಗೀರುಗಳಿದ್ದವು. ಬೆರಳಷ್ಟು ಆಳ, ಬೆಣ್ಣೆಯಷ್ಟು ನುಣುಪು. ಬೆರಳಿಟ್ಟು ನೋಡಿದ. ಇಂಥ ಗೀರನ್ನು ಎಲ್ಲೋ ಮುಟ್ಟಿದ್ದೇನೆ ಅನ್ನಿಸಿತು. ಎಲ್ಲಿ ಎಂದು ತಲೆಗೆ ಹೊಳೆಯಲಿಲ್ಲ.

"ಒಂದು ಕೊಡ ನೀರು ಕೊಡು. ನೆಲದ ವಾಟ ನೋಡ್ಬೇಕು."

ತಂಗವೇಲ್ ತಂದುಕೊಟ್ಟ. ಗುರುಸಾಮಿ ಹೊಸ್ತಿಲಿಂದಲೇ ನೀರು ಸುರಿದ. ಅದು ಬಚ್ಚಲ ಕಿಂಡಿಯ ಕಡೆಗೆ ಹೋಗಬೇಕಿತ್ತು. ಹೋಗಲಿಲ್ಲ. ನೆಲದ ನಡುವೆ ಒಂದು ಕ್ಷಣ ಯೋಚಿಸಿ, ತಿರುಗಿ, ಗ್ರೈಂಡರಿದ್ದ ಮೂಲೆಯ ಕಡೆ ಹರಿಯಿತು. ಅಲ್ಲಿ, ಪಾಂಡೀಶ್ವರಿಯ ಕಾಲ ಹತ್ತಿರ, ಎರಡು ಟೈಲ್ಸ್ ನಡುವಿನ ಬಿರುಕಿಗೆ ಮುಟ್ಟಿ ಇಲ್ಲವಾಯಿತು. ಕೊಡದ ನೀರು ಪೂರ್ತಿ.

"ಪಾತ್ತೀಂಗಳಾ ಅಣ್ಣೇ, ನೋಡಿದ್ರಾ! ಈ ಮನೇಲಿ ನೆಲ ಒರ್ಸೋ ಕೆಲ್ಸಾನೇ ಇಲ್ಲ!" ಎಂದ ತಂಗವೇಲ್.

ಆಗ ಗುರುಸಾಮಿಗೆ ಸದ್ದು ಕೇಳಿಸಿತು. ಟಿಣ್. ಬಹಳ ಕೆಳಗಿನಿಂದ, ಬಹಳ ತಣ್ಣಗೆ. ಹೊರಗಿನ ನಲ್ಲಿಯಿರಬೇಕು ಅಂದುಕೊಂಡ. ಮತ್ತೆ ಟಿಣ್. ಹೊರಗೆ ನಲ್ಲಿ ಇರಲಿಲ್ಲ, ಅದನ್ನು ಅವನು ಬರುವಾಗಲೇ ನೋಡಿಕೊಂಡಿದ್ದ. ಬಿರುಕಿನಿಂದ ಒಂದು ವಾಸನೆ ಎದ್ದು ಬಂತು: ತೇವ, ಪಾಚಿ, ಎಷ್ಟೋ ಕಾಲದಿಂದ ಬಿಸಿಲು ಕಾಣದ ಕಲ್ಲು.

ಜಗಲಿಯಿಂದ ಮುದುಕಿಯ ದನಿ ಬಂತು. ನೀರಿನ ಸದ್ದು ಕೇಳಿದವಳ ಹಾಗೆ, ಈಗ ತುಸು ಜೋರಾಗಿ: "ಬಾಯಿ ಮುಚ್ಚವ್ರೆ... ಏಳಾಳುದ್ದದ ಬಾಯಿ... ಮ್ಯಾಲೆ ಒಲೆ ಹೂಡವ್ರೆ..."

"ಸುರುವಾತು ನೋಡಿ" ಎಂದ ಮಗ.

ಏಳಾಳುದ್ದದ ಬಾಯಿ? ಗುರುಸಾಮಿಯ ಕೈಯಿಂದ ಕೊಡ ಜಾರಿತು. ಯಾರ ಬಾಯಿ ಏಳಾಳುದ್ದ ಇರುತ್ತದೆ? ನಲವತ್ತು ವರ್ಷಗಳ ಆಚೆಯಿಂದ ಅವನ ಅಜ್ಜಿ ಸೊಂಟಕ್ಕೆ ಕೊಡ ಇಟ್ಟುಕೊಂಡು ಹೊರಟಳು. 'ಬಾಯಿಗೆ ಓಗಿ ಬತ್ತೀನಿ ಮಗಾ, ಬಾಗ್ಲು ನೋಡ್ಕೊ.' ಬಾವಿಗೆ ಅವಳು ಅನ್ನುತ್ತಿದ್ದುದೇ ಬಾಯಿ. ಆ ಬಾಯಿಯ ಕಟ್ಟೆಕಲ್ಲಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರುಗಳಲ್ಲಿ ಬೆರಳಾಡಿಸುತ್ತ ಅವನು ಅವಳಿಗಾಗಿ ಕಾಯುತ್ತಿದ್ದ. ಈಗಿನವರಿಗೆಲ್ಲ ಅದು 'ಕಿಣರು'. ಅಜ್ಜಿಯಂದಿರು ಹೋದರು, ಹೋಗುವಾಗ ಆ ಮಾತನ್ನೂ ಸೆರಗಿಗೆ ಕಟ್ಟಿಕೊಂಡು ಹೋದರು. ಉಳಿದವರಿಗೆ ಬಾಯಿ ಎಂದರೆ ಮುಖದ ಮೇಲಿನದು ಮಾತ್ರ. ಎರಡು ವರ್ಷದಿಂದ ಈ ಮುದುಕಿ ಬಂದವರಿಗೆಲ್ಲ ಎಚ್ಚರಿಕೆ ಹೇಳುತ್ತಿದ್ದಳು. ಕೇಳಿದವರೆಲ್ಲ ಬೈಗುಳ ಎಂದು ನಗುತ್ತಿದ್ದರು.

"ಪಾಂಡೀಶ್ವರಿ, ಅಲ್ಲಾಡ್ಬ್ಯಾಡ."

"ಯಾಕಂಗ? ಹಾವಾ?"

"ಹಾವಾಗಿದ್ರೆ ವಾಸಿಯಿತ್ತು."

ಅವನ ಕಾಲು ಮುಂದಕ್ಕೆ ಬರಲೊಲ್ಲದು. ಎಂಟು ವರ್ಷದ ಹುಡುಗನೊಬ್ಬ ಲೋಟ ಹಿಡಿದು ಒಳಗೆ ನಿಂತುಬಿಟ್ಟಿದ್ದ, ದನಿ ಹೊರಡದೆ. ಗ್ರೈಂಡರಿನ ಭಾರ ಎಷ್ಟು, ಪಾಂಡೀಶ್ವರಿಯ ಭಾರ ಎಷ್ಟು ಎಂದು ಮನಸ್ಸು ಮೂಟೆ ತೂಗುವ ಹಾಗೆ ತೂಗತೊಡಗಿತು, ಬೇಡವೆಂದರೂ ಕೂಡಿಸತೊಡಗಿತು. ಕೊನೆಗೆ ಗುರುಸಾಮಿ ಬಿಳಿ ಅಂಗಿಯ ಸಮೇತ ಹೊಟ್ಟೆಯ ಮೇಲೆ ಮಲಗಿ, ಒದ್ದೆ ನೆಲದಲ್ಲಿ ಹಲ್ಲಿಯ ಹಾಗೆ ತೆವಳಿಕೊಂಡು ಹೋದ. ಹಿಂದೆ ತಂಗವೇಲ್ ನಗುತ್ತಿದ್ದುದು ಕೇಳಿಸುತ್ತಿತ್ತು. ಮಾರುಕಟ್ಟೆಯಲ್ಲಿ ಈ ಕಥೆ ಹೇಗೆ ಹಬ್ಬೀತು ಎಂಬ ಯೋಚನೆಯೂ ಅಷ್ಟರಲ್ಲೇ ಬಂದು ಹೋಯಿತು.

ಬಿರುಕಿಗೆ ಕುತ್ತೂಸಿ ಇಟ್ಟು ಒತ್ತಿದ. ಮೊದಲು ಗಾರೆ ಕರಕರ ಅಂದಿತು. ಆಮೇಲೆ ಏನೂ ಅನ್ನಲಿಲ್ಲ. ಹಿಡಿಯವರೆಗೂ ಇಳಿದುಹೋಯಿತು, ಯಾರೋ ಕೆಳಗಿನಿಂದ ಎಳೆದುಕೊಂಡ ಹಾಗೆ. ಮೇಲಕ್ಕೆ ಎಳೆದು ಅಂಗೈ ಮೇಲೆ ಬಗ್ಗಿಸಿದ.

ಖಾಲಿ.

ಮೂವತ್ತು ವರ್ಷದಲ್ಲಿ ಅದರಿಂದ ನುಚ್ಚು ಬಂದಿತ್ತು, ಹುಳ ಬಂದಿತ್ತು, ಒಮ್ಮೆ ಮರಳೂ ಬಂದಿತ್ತು. ಏನೂ ಬಾರದೆ ಹೋದದ್ದು ಇದೇ ಮೊದಲು.

ಪಾಂಡೀಶ್ವರಿ ಅವನ ಖಾಲಿ ಅಂಗೈ ನೋಡಿದಳು. ಅವಳೂ ಮೂಟೆ ನೋಡುವವನ ಹೆಂಡತಿ; ಬಿಡಿಸಿ ಹೇಳಬೇಕಾಗಲಿಲ್ಲ. ಗ್ರೈಂಡರಿನಿಂದ ಕೈ ತೆಗೆದಳು.

"ಗೋಡೆ ಒತ್ಕೊಂಡೇ ಬಾ" ಎಂದ ಗುರುಸಾಮಿ. "ಮೆಲ್ಲಗೆ. ಕಿಟ್ಕಿ ನೋಡ್ಬ್ಯಾಡ, ನನ್ನ ನೋಡು."

"ನಿಮ್ಮ ನೋಡಿದ್ರೆ ಇನ್ನೂ ಭಯ ಆಗ್ತದೆ" ಎಂದಳು ಅವಳು, ಅಳು ಬಂದ ದನಿಯಲ್ಲಿ. ಅನ್ನುತ್ತಲೇ ಗೋಡೆಗೆ ಬೆನ್ನು ಹಚ್ಚಿ ಅಂಗುಲ ಅಂಗುಲವಾಗಿ ಹೊಸ್ತಿಲಿಗೆ ಬಂದಳು. ಗುರುಸಾಮಿ ಹಿಮ್ಮುಖವಾಗಿ ತೆವಳಿ ಬಂದ.

ತಂಗವೇಲ್‌ಗೆ ಈಗ ಸಿಟ್ಟು ಬಂತು. "ಏನಣ್ಣೇ ಇದು ನಾಟ್ಕ? ನಾನು ಉಟ್ಟಿ ಬೆಳ್ದ ಮನೆ! ಇಂಜಿನಿಯರ್ ಗಟ್ಟಿ ಅಂತ ಬರ್ದವ್ನೆ! ನೋಡು, ನೀನೇ ನೋಡು!" ಎನ್ನುತ್ತ ನೇರ ಮೂಲೆಗೆ ನಡೆದು ಕಾಲೆತ್ತಿ ನೆಲಕ್ಕೆ ಅಪ್ಪಳಿಸಿದ. ಒಂದು ಸಲ. ಗೂಡಿನಲ್ಲಿದ್ದ ಲೋಟಗಳು ಗಿಲಿಗಿಲಿ ಅಂದವು. ಇನ್ನೊಂದು ಸಲ. ನೆಲದ ಅಡಿಯಲ್ಲಿ ಏನೋ ಟಕ್ಕೆಂದಿತು. ಗುರುಸಾಮಿ ಕೂಗಲು ಬಾಯಿ ತೆರೆದ, ದನಿ ಬರಲಿಲ್ಲ. ಆಗಲೂ ಬಂದಿರಲಿಲ್ಲ, ಈಗಲೂ ಬರಲಿಲ್ಲ.

ಕೂಗಿದವಳು ಜಗಲಿಯ ಮುದುಕಿ.

"ತಂಗಾ! ಬಾಯಿಗೆ ಬಿದ್ದೀಯೋ! ಈಚೆ ಬಾರೋ ನನ್ ಕಂದಾ!"

ಮೂರು ವರ್ಷದ ಮಗುವನ್ನು ಕರೆಯುವ ದನಿ ಅದು. ಮೂರನೆಯ ಸಲಕ್ಕೆ ಎತ್ತಿದ್ದ ತಂಗವೇಲ್‌ನ ಕಾಲು ಎತ್ತಿದಲ್ಲೇ ನಿಂತಿತು. ಅವನಿಗೆ ಬುದ್ಧಿ ಬಲಿಯುವ ಮೊದಲು ಕೇಳಿದ ಮಾತಿರಬೇಕು. ಅರ್ಥ ಮರೆತಿದ್ದ, ಮೈಗೆ ಮರೆತಿರಲಿಲ್ಲ. ಕಾಲನ್ನು ಎಲ್ಲಿ ಇಡುವುದೆಂದು ತಿಳಿಯದೆ ಕೊಕ್ಕರೆಯ ಹಾಗೆ ನಿಂತ. ಗುರುಸಾಮಿ ತೋಳು ಚಾಚಿದ. ತಂಗವೇಲ್ ಆ ಕೈ ಹಿಡಿದು ಒಂದೇ ನೆಗೆತಕ್ಕೆ ಹೊಸ್ತಿಲಿನಾಚೆ ಬಂದು ಬಿದ್ದ.

ಮಧ್ಯಾಹ್ನ ಊರವರು ಇಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೋಗಿ, ಗ್ರೈಂಡರ್ ಎಳೆದು, ಹಾರೆಯಿಂದ ಟೈಲ್ಸ್ ಎಬ್ಬಿಸಿದರು. ಕೆಳಗೆ ಮೂರು ಕಲ್ಲುಚಪ್ಪಡಿ. ನಡುವಿನದು ಅಡ್ಡಡ್ಡ ಸೀಳಿತ್ತು. ಸೀಳಿನಲ್ಲಿ ಒಂದು ಕಲ್ಲು ಬಿಟ್ಟರು. ಒಂದು, ಎರಡು ಎಂದ ಮೇಲೆ ನೀರು ಮಾತಾಡಿತು. ಬೋರ್‌ವೆಲ್ ಬಂದ ಕಾಲದಲ್ಲಿ ತಂಗವೇಲ್‌ನ ಅಪ್ಪ ಬಾವಿ ತುಂಬಿಸಲು ಬೇಕಾದ ಇಪ್ಪತ್ತು ಟ್ರ್ಯಾಕ್ಟರ್ ಮಣ್ಣು ಉಳಿಸಿ, ಮೇಲೆ ಚಪ್ಪಡಿ ಎಳೆದು, ಕಟ್ಟೆಕಲ್ಲನ್ನೂ ದಂಡ ಮಾಡದೆ ಹೊಸ್ತಿಲಿಗೆ ಹಾಕಿಸಿದ್ದ. ವ್ಯವಹಾರಸ್ಥ. ಅವನ ಹೆಂಡತಿ ಮೂವತ್ತು ವರ್ಷ ಅದರ ಮೇಲೆ ಕೂತು ದೋಸೆಹಿಟ್ಟು ರುಬ್ಬಿದಳು.

ಕೆಟ್ಟ ಮೂಟೆ ಸಿಕ್ಕರೆ ಕೂಗಿ ಹೇಳಬಾರದು, ಸುಮ್ಮನೆ ಮುಂದಿನ ಮೂಟೆಗೆ ಹೋಗಬೇಕು; ಅದು ಮಾರುಕಟ್ಟೆಯ ಮರ್ಯಾದೆ. ಗುರುಸಾಮಿ ಅಂದು ಅದನ್ನು ಮುರಿದ. "ಮೊದ್ಲು ಸಿಲಿಂಡರ್ ಈಚೆ ಎಳಿ. ಅಡುಗೆಮನೆಗೆ ಬೀಗ ಹಾಕು. ಮಣ್ಣು ತುಂಬ್ಸೋಗಂಟ ಅವ್ವನ್ನ ಒಳ್ಗೆ ಬಿಡ್ಬ್ಯಾಡ" ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದ. ತಂಗವೇಲ್ ತಲೆ ಆಡಿಸಿದ.

ವೀಳ್ಯದ ತಟ್ಟೆಯನ್ನು ಯಾರೂ ಎತ್ತಲಿಲ್ಲ. ವೆಳ್ಳೈಯಮ್ಮಾಳ್ ಮಾತ್ರ ಕೈ ಚಾಚಿ ಒಂದು ಎಲೆ ತೆಗೆದುಕೊಂಡು ಮಡಿಸಿ ದವಡೆಗೆ ಇಟ್ಟುಕೊಂಡಳು.

ಬಸ್ಸಿನಲ್ಲಿ ಅಂದು ಪಾಂಡೀಶ್ವರಿಯೂ ಬಾಗಿಲ ಪಕ್ಕ ನಿಂತೇ ಬಂದಳು. ತವರಿನ ಮಾತು ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಗುರುಸಾಮಿ ತನ್ನ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಒಂದು ಕೊಡ ನೀರು ಸುರಿದ. ಅದು ಸರಿಯಾಗಿ ಬಚ್ಚಲಿಗೆ ಹೋಯಿತು. ಆದರೂ ನೆಲಕ್ಕೆ ಕಿವಿಯಿಟ್ಟು ಕಾದ. ಹನ್ನೊಂದು ವರ್ಷ ಇಲ್ಲಿ ಮಲಗಿ ಎದ್ದಿದ್ದಾನೆ, ಅಡಿಯಲ್ಲೇನಿದೆ ಎಂದು ಒಂದು ದಿನವೂ ಯಾರನ್ನೂ ಕೇಳಿಲ್ಲ. ಎದ್ದು ಎದುರು ಮನೆಗೆ ಹೋದ. ಅಲ್ಲಿನ ನಾಗಮ್ಮಾಳ್‌ಗಿಂತ ಹಿರಿಯರು, ಇವರ ಮಾತು ಆಡುವವರು, ಆ ಬೀದಿಯಲ್ಲಿ ಉಳಿದಿರಲಿಲ್ಲ.

"ಅವ್ವಾ, ಈ ಬೀದೀಲಿ ಮೊದ್ಲು ಬಾಯಿ ಎಲ್ಲಿತ್ತು?"

ನಾಗಮ್ಮಾಳ್ ಗಾಬರಿಯಿಂದ ತುಟಿ ಮುಟ್ಟಿಕೊಂಡಳು. "ನನ್ ಬಾಯಿಗೇನಾತು ಸಾಮೀ? ಹಲ್ಲು ತಾನೆ ಓಗಿರೋದು?"

ಗುರುಸಾಮಿ ಅವಳ ಮುಖ ನೋಡಿದ. ಆಮೇಲೆ, ತಾನು ನಿಂತಿದ್ದ ನೆಲ ನೋಡಿದ. ಬೀದಿಯ ನಡುವೆ ಕಾಲಿಡದೆ, ಮನೆಗಳ ಗೋಡೆ ಒತ್ತಿಕೊಂಡು, ಮೆಲ್ಲಗೆ ಹಿಂದಿರುಗಿದ.