ಪುನರ್ನವಾದ ಮೊದಲ ಗುಟುಕು

ನಾನು ಹುಟ್ಟಾ ಸಂಶಯದವಳು. ಅಂಗಡಿಯವನು ಸಕ್ಕರೆ ತೂಗುವಾಗ ನನ್ನ ಕಣ್ಣು ತಕ್ಕಡಿಯ ಮುಳ್ಳಿನ ಮೇಲೆಯೇ ಇರುತ್ತದೆ. ಮಸ್ಕಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಇಬ್ಬರು ಮಕ್ಕಳು ಒಂದೇ ತಪ್ಪು ಬರೆದಿದ್ದರೆ, ಯಾರು ಯಾರದನ್ನು ನೋಡಿ ಬರೆದರೆಂದು ಹಿಡಿಯದೆ ಮನೆಗೆ ಬಿಡುತ್ತಿರಲಿಲ್ಲ. ಈ ಗುಣದ ಬಗ್ಗೆ ನನಗೆ ಆಗ ಹೆಮ್ಮೆಯೇ ಇತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅವ್ವ ನನ್ನ ಜೊತೆಗೇ ಇದ್ದಳು. ಆ ಮಳೆಗಾಲದಲ್ಲಿ ಅವಳ ಕಾಲುಗಳು ಬಾತುಕೊಳ್ಳತೊಡಗಿದವು. ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು ಹಾಗೆಯೇ ಉಳಿಯುತ್ತಿತ್ತು. ದವಾಖಾನೆಯ ಗುಳಿಗೆ ತಿಂದರೆ ತಲೆ ತಿರುಗುತ್ತದೆಂದು ಅವನ್ನು ದಿಂಬಿನ ಕೆಳಗೆ ಬಚ್ಚಿಡುತ್ತಿದ್ದಳು. ಅವಳ ಭರೋಸವೆಲ್ಲ ಸಂತೆಕಲ್ಲೂರಿನ ಒಬ್ಬ ಮುದುಕಿಯ ಮೇಲಿತ್ತು.

ಆ ಮುದುಕಿ ವಾರಕ್ಕೆರಡು ಸಲ ಮೊದಲನೇ ಬಸ್ಸಿಗೆ ಬರುತ್ತಿದ್ದಳು. ಸೆರಗಿನಲ್ಲಿ ಕಟ್ಟಿ ತಂದ ಬೇರುಗಳನ್ನು ನಮ್ಮ ಒಲೆಯ ಮೇಲೆಯೇ ಕುದಿಸಿ, ಆರಲು ಬಿಟ್ಟು, ಹೊರಗೆ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂರುತ್ತಿದ್ದಳು. ಕಷಾಯ ಆರಿದ ಮೇಲೆ ಅವ್ವನ ಎದುರಿಗೆ ಕೂತು ಮೊದಲ ಗುಟುಕು ತಾನು ಕುಡಿಯುತ್ತಿದ್ದಳು. ಉಳಿದದ್ದು ಅವ್ವನಿಗೆ. ಕೊಡುವವರು ಕುಡಿಯದೆ ಕೊಡಬಾರದು ಎಂಬುದು ಅವರ ಮನೆತನದ ಕಟ್ಟು. ದುಡ್ಡು ಮುಟ್ಟುತ್ತಿರಲಿಲ್ಲ. ದುಡ್ಡು ಬೇಡ ಅನ್ನುವವರನ್ನು ಕಂಡರೆ ನನಗೆ ಸಂಶಯ ಇನ್ನೂ ಜಾಸ್ತಿ.

ಒಂದು ದಿನ ಕೇಳಿಯೇ ಬಿಟ್ಟೆ. "ಆಯಿ, ಇದು ಯಾವ ಗಿಡದ ಬೇರು?"

"ಹೊಲದಾಗಿನ ಗಿಡ, ಯವ್ವಾ."

"ಹೊಲದಾಗ ನೂರು ಗಿಡ ಅದಾವ. ಇದರ ಹೆಸರೇನು?"

"ಹೆಸರು ಹೇಳಿದ್ರ ಮದ್ದು ಹತ್ತಂಗಿಲ್ಲ. ನಮ್ಮತ್ತಿ ನನಗ ಕಿತ್ತು ತೋರಿಸ್ಯಾಳ, ಬಾಯಿಲೆ ಹೇಳಿಲ್ಲ."

ಸಿಕ್ಕಿಬಿದ್ದಳು ಅಂದುಕೊಂಡೆ. ಹೆಸರೇ ಗೊತ್ತಿಲ್ಲದವಳು ನಮ್ಮವ್ವನ ಹೊಟ್ಟೆಗೆ ಏನೇನು ಹಾಕುತ್ತಿದ್ದಾಳೋ! ಬೇರಿಗೆ ಅಂಟಿಕೊಂಡಿದ್ದ ಎಲೆಯ ಕುಡಿಯೊಂದನ್ನು ಮುರಿದು ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡೆ. ಭಾನುವಾರ ಲಿಂಗಸುಗೂರಿಗೆ ಹೋಗಿ ಅಲ್ಲಿದ್ದ ವಯಸ್ಸಾದ ಆಯುರ್ವೇದ ಪಂಡಿತರೊಬ್ಬರ ಮುಂದೆ ಬಿಚ್ಚಿದೆ.

ಅವರು ಕನ್ನಡಕ ಏರಿಸಿ ನೋಡಿ, "ಇದು ಪುನರ್ನವಾ ಇದ್ದಂಗ ಐತ್ರೀ ಟೀಚರ್" ಅಂದರು. ಬೇಸಿಗೆಯಲ್ಲಿ ಒಣಗಿ ಸತ್ತಂತೆ ಬಿದ್ದಿದ್ದು, ಮಳೆ ಬಿದ್ದೊಡನೆ ಅದೇ ಬೇರಿನಿಂದ ಮತ್ತೆ ಹೊಸದಾಗಿ ಚಿಗುರುವುದರಿಂದ ಆ ಹೆಸರಂತೆ. ಮಳೆಗೆ ಹುಟ್ಟುವುದರಿಂದ ವರ್ಷಾಭೂ. ಬಾವನ್ನು ಕೊಲ್ಲುವುದರಿಂದ ಶೋಥಘ್ನೀ. ನನಗೆ ಮೈ ಜುಮ್ಮೆಂದಿತು. ಇಷ್ಟು ಅರ್ಥವಿರುವ ಗಿಡವನ್ನು ಬರೀ ಹೊಲದ ಗಿಡ ಅಂದಳಲ್ಲ ಆ ಮುದುಕಿ!

ಪಂಡಿತರು ಇನ್ನೂ ಹೇಳುತ್ತಲೇ ಇದ್ದರು. "ಆದ್ರ ಈ ಹೆಸರು ಕೆಂಪು ದಂಟಿನ ಗಿಡಕ್ಕೂ ಅಂತಾರ, ಬಿಳಿ ದಂಟಿನ ಬ್ಯಾರೆ ಒಂದು ಗಿಡಕ್ಕೂ ಅಂತಾರ. ಬೇರು ಒಣಗಿಸಿ ಪುಡಿ ಮಾಡಿದ ಮ್ಯಾಲ ಯಾವುದು ಏನಂತ ಯಾರಿಗೂ ತಿಳಿಯಂಗಿಲ್ಲ. ಕಿತ್ತು ತಂದವರನ್ನ ಕೇಳ್ರಿ."

ಕೇಳಿದವಳಂತೆ ತಲೆ ಆಡಿಸಿದೆ. ನನಗೆ ಬೇಕಾಗಿದ್ದದ್ದು ಹೆಸರು, ಅದು ಸಿಕ್ಕಿತ್ತು. ಮುಂದಿನ ವಾರ ಸಿಂಧನೂರಿನಲ್ಲಿ ಬೇರು, ನಾರು ಮಾರುವ ಗ್ರಂಥಿಗೆ ಅಂಗಡಿಯೊಂದರಲ್ಲಿ ಆ ಹೆಸರು ಹೇಳಿದೆ. ಅಂಗಡಿಯವನು ತಿರುಗಿಯೂ ನೋಡದೆ ಪುಡಿಯ ಪೊಟ್ಟಣ ತೆಗೆದುಕೊಟ್ಟ. ಮೇಲೆ ದಪ್ಪ ಅಕ್ಷರದಲ್ಲಿ "ಪುನರ್ನವಾ" ಎಂದು ಅಚ್ಚಾಗಿತ್ತು. ಊರಿನವರನ್ನೆಲ್ಲ ಅನುಮಾನಿಸುವ ನಾನು ಆ ಅಚ್ಚಿನ ಅಕ್ಷರವನ್ನು ಒಂದು ಮಾತೂ ಕೇಳಲಿಲ್ಲ.

ಅವ್ವ ಮುದುಕಿಯ ಕೈಯದನ್ನಲ್ಲದೆ ಬೇರೆ ಮದ್ದು ಕುಡಿಯುವವಳಲ್ಲ. ಹೀಗಾಗಿ ಮುದುಕಿ ಬರುವ ದಿನ ಬೆಳಿಗ್ಗೆಯೇ ಎದ್ದು, ಸ್ಟೋವಿನ ಮೇಲೆ ನನ್ನ ಪುಡಿಯನ್ನು ಕುದಿಸಿ ಸೋಸಿಟ್ಟೆ. ಅವಳು ತನ್ನ ಕಷಾಯ ಆರಲು ಬಿಟ್ಟು ಕಟ್ಟೆಗೆ ಹೋದಾಗ ಅದನ್ನು ಬಚ್ಚಲಿಗೆ ಚೆಲ್ಲಿ, ನನ್ನದನ್ನು ಅದೇ ಪಾತ್ರೆಗೆ ಸುರಿದೆ. ಬಣ್ಣದಲ್ಲಿ ಹೆಚ್ಚು ಫರಕಿರಲಿಲ್ಲ.

ಮುದುಕಿ ಬಂದು ಅವ್ವನ ಎದುರಿಗೆ ಕೂತು ಮೊದಲ ಗುಟುಕು ಬಾಯಿಗೆ ಹಾಕಿಕೊಂಡಳು. ನುಂಗಲಿಲ್ಲ. ಕೆನ್ನೆಯೊಳಗೆ ಇಟ್ಟುಕೊಂಡು ನನ್ನ ಕಡೆ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಆಮೇಲೆ ನುಂಗಿದಳು. "ಇವತ್ತು ಬ್ಯಾಡ ತಂಗಿ. ಯಾಕೋ ಸರಿ ಬಂದಿಲ್ಲ" ಎಂದು ಅವ್ವನಿಗೆ ಹೇಳಿ ಪಾತ್ರೆಯನ್ನು ಬದಿಗಿಟ್ಟಳು.

ಮಧ್ಯಾಹ್ನದೊಳಗೆ ಅವಳ ಹೊಟ್ಟೆ ಕೆಟ್ಟಿತು. ಚೊಂಬು ಹಿಡಿದು ಐದಾರು ಸಲ ಹಿತ್ತಲಿಗೆ ಹೋದಳು. ಮುಖ ಬಿಳುಚಿತು. ನಾನು ಉಪ್ಪು ಸಕ್ಕರೆ ಕಲಸಿದ ನೀರು ಕುಡಿಸುತ್ತಿದ್ದೆ. ಮಂಚದ ಮೇಲಿಂದ ಅವ್ವ ಅಂದಳು: "ತನ್ನ ಮದ್ದು ತನಗ ಬಡದೈತಿ. ನಾ ಕುಡಿದಿದ್ರ ಏನು ಗತಿ? ಇನ್ನ ಈಕಿ ನಮ್ಮನಿಗೆ ಬರೂದು ಬ್ಯಾಡ."

ಅದು ನನ್ನ ಮದ್ದು ಎನ್ನದೆ ಚೊಂಬು ತುಂಬಿಸಲು ಎದ್ದೆ. ಮುದುಕಿಯೂ ಹೇಳಲಿಲ್ಲ. ಸಂಜೆ ಬಸ್ಸು ಹತ್ತುವಾಗ ಮಾತ್ರ ಮೆಲ್ಲಗೆ ಕೇಳಿದಳು: "ನಿನ್ನ ಮದ್ದಿಗೆ ಹೆಸರೇನಂತ ಯವ್ವಾ?"

"ಪುನರ್ನವಾ."

"ಚಂದ ಐತಿ ಹೆಸರು" ಅಂದಳು.

ಎರಡು ವಾರದೊಳಗೆ ಓಣಿಗೆಲ್ಲ ಸುದ್ದಿಯಾಯಿತು. ಅವಳಿಂದ ಮದ್ದು ತಗೊಳ್ಳುತ್ತಿದ್ದವರು ಬಾಗಿಲು ಹಾಕಿಕೊಂಡರು. ನನಗೆ ಮಾತ್ರ ನಿದ್ದೆ ಹತ್ತದು. ಗೊತ್ತಿದ್ದೂ ಅವಳು ಯಾಕೆ ಸುಮ್ಮನಿದ್ದಾಳೆ? ನಾಳೆ ಬಂದು ಏನು ಕೇಳುತ್ತಾಳೆ? ಆಗಲೂ ನನ್ನ ಸಂಶಯ ಅವಳ ಮೇಲೆಯೇ ಇತ್ತು ಎಂದು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ತಡೆಯಲಾಗದೆ ಸಂತೆಕಲ್ಲೂರಿಗೆ ಹೋದೆ. ಅವಳು ಜಗಲಿಯ ಮೇಲೆ ತೊಗರಿ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡವಳೇ ಮೊರ ಇಟ್ಟು, ಹಿತ್ತಲ ಬೇಲಿಯ ಹತ್ತಿರ ಕರೆದುಕೊಂಡು ಹೋದಳು. ಎರಡು ಗಿಡ ಒಂದರ ಪಕ್ಕ ಒಂದು ಹಬ್ಬಿದ್ದವು. ಒಂದರದು ಕೆಂಪು ದಂಟು. ಇನ್ನೊಂದರದು ಬಿಳಿ ದಂಟು, ದಪ್ಪ ಎಲೆ.

"ಇದು ನಂದು. ಅದು ನಿಂದು. ಅದರ ಬೇರು ಹೊಟ್ಟಿ ತೊಳದು ಹಾಕತೈತಿ. ಒಂದು ಲೋಟ ಹೋಗಿದ್ರ ನಿಮ್ಮವ್ವ ತಡೀತಿದ್ದಿಲ್ಲ."

"ಬಾಯಿಗೆ ಹಾಕಿದ ಕೂಡಲೇ ಗೊತ್ತಾತಲ್ಲ, ಯಾಕ ಉಗುಳಲಿಲ್ಲ ಆಯಿ?"

"ಉಗುಳಿದ್ರ ನಿಮ್ಮವ್ವ ಯಾಕಂತ ಕೇಳ್ತಿದ್ಲು." ಮತ್ತೆ ಮೊರದ ಕಡೆ ನಡೆಯುತ್ತ ಅಂದಳು: "ನನ್ನ ಮ್ಯಾಲ ಸಂಶೇ ಬಂದ್ರ ಆಕಿ ಮದ್ದಷ್ಟ ಬಿಡ್ತಾಳ. ನಿನ್ನ ಮ್ಯಾಲ ಬಂದ್ರ ಉಣ್ಣೂದು ಬಿಡ್ತಾಳ."

ಬಸ್ಸಿನಲ್ಲಿ ಅಳುತ್ತಲೇ ಬಂದೆ. ಅವತ್ತು ಸಂಜೆಯೇ ಅವ್ವನಿಗೆ ಎಲ್ಲ ಹೇಳಿದೆ, ಚೆಲ್ಲಿದ್ದು, ಸುರಿದದ್ದು, ಕ್ಯಾಲೆಂಡರ್ ನೋಡಿದ್ದು ಕೂಡ. ಓಣಿಯವರಿಗೂ ನಾನೇ ಹೇಳುತ್ತೇನೆ ಅಂದೆ. ಅವ್ವ ಬಾತ ಕಾಲುಗಳನ್ನು ಸೀರೆಯೊಳಗೆ ಎಳೆದುಕೊಂಡಳು. "ನಾಳಿ ಮೊದಲನೇ ಬಸ್ಸಿಗೆ ಹೋಗಿ ಆಕೀನ ಕರಕೊಂಡು ಬಾ" ಅಂದಳು. ಬೈಯಲಿಲ್ಲ. ನನಗೆ ಸಮಾಧಾನವಾಯಿತು.

ರೊಟ್ಟಿ, ಪುಂಡಿಪಲ್ಯ ಬಡಿಸಿ ತಾಟು ಅವ್ವನ ಮುಂದಿಟ್ಟೆ. ಅವ್ವ ಕೈ ಹಚ್ಚಲಿಲ್ಲ. ತಾಟನ್ನು ನನ್ನ ಕಡೆಗೆ ಸರಿಸಿದಳು.

"ಮೊದಲ ನೀ ಒಂದು ತುತ್ತು ತಿನ್ನು."

ರೊಟ್ಟಿ ಮುರಿದು ಪಲ್ಯ ಹಚ್ಚಿ ಬಾಯಿಗೆ ಹಾಕಿಕೊಂಡೆ. ನಾನು ನುಂಗುವ ತನಕ ಅವ್ವ ನನ್ನ ಗಂಟಲನ್ನೇ ನೋಡುತ್ತಿದ್ದಳು.