ಆಸ್ಪತ್ರೆಯಲ್ಲಿ ಉಳಿದ ಅವಳ ರಕ್ತ

ನನ್ನ ಹೆಂಡತಿಗೆ ಸಂಧಿವಾತವಿತ್ತು. ದಾವಣಗೆರೆಯ ಶಾಲೆಯೊಂದರಲ್ಲಿ ಕನ್ನಡ ಮೇಡಂ ಆಗಿದ್ದಾಗಲೇ ಶುರುವಾದದ್ದು. ಬೆಳಗಿನ ಹೊತ್ತು ಬೆರಳು ಮಡಚಲಾಗದೆ ಮೊದಲ ಪಿರಿಯಡ್ಡಿನಲ್ಲಿ ಬೋರ್ಡಿನ ಮೇಲೆ ಬರೆಯುವುದನ್ನೇ ಬಿಟ್ಟಿದ್ದಳಂತೆ. ನನ್ನ ಕೆಲಸಕ್ಕಾಗಿ ನೆದರ್‌ಲ್ಯಾಂಡ್ಸಿನ ವೆಲ್ಡ್‌ಹೋವನ್‌ಗೆ ಬಂದ ಮೇಲೆ ಇಲ್ಲಿನ ಡಾಕ್ಟರು ಹೊಸದೊಂದು ಇಂಜೆಕ್ಷನ್ ಕೊಟ್ಟರು. ವಾರಕ್ಕೊಮ್ಮೆ ತಾನೇ ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದಳು. ಕೆಲವೇ ತಿಂಗಳಲ್ಲಿ ಹಿಟ್ಟು ನಾದಿದಳು, ಸೈಕಲ್ ಕಲಿತಳು. ಮನೆಯಲ್ಲಿ ನಾವು ಆಡುತ್ತಿದ್ದುದು ದಖನಿ ಮತ್ತು ಕನ್ನಡ ಎರಡನ್ನೂ. ಖುಷಿಯಾದಾಗ ಅವಳ ಬಾಯಲ್ಲಿ ಕನ್ನಡವೇ ಬರುತ್ತಿತ್ತು. ಆ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಕನ್ನಡ ಜಾಸ್ತಿ ಕೇಳಿಸಿತು.

ಆ ಇಂಜೆಕ್ಷನ್ನಿಗೆ ಇನ್ನೊಂದು ಗುಣವಿತ್ತು. ಮೈಗೆ ಸೋಂಕು ತಗುಲಿದರೆ ರಕ್ತದಲ್ಲಿ ಸಿಆರ್‌ಪಿ ಎಂಬ ಪ್ರೋಟೀನು ಏರುತ್ತದೆ. ಇಲ್ಲಿನ ಡಾಕ್ಟರುಗಳು ಬೆರಳು ಚುಚ್ಚಿ ಮೊದಲು ನೋಡುವುದು ಅದನ್ನೇ. ಕೀಲುಗಳ ಬಾವು ಇಳಿಸುವ ಔಷಧಿ ಅದನ್ನೂ ಏರಗೊಡುವುದಿಲ್ಲ. ಜ್ವರ ಕೂಡ ಅಷ್ಟಾಗಿ ತೋರುವುದಿಲ್ಲ. ಸಂಧಿವಾತದ ವಿಭಾಗದ ನರ್ಸು ಇದನ್ನು ಮೊದಲೇ ತಿಳಿಸಿ ಹೇಳಿದ್ದರು, ಅವಳೂ ಚೆನ್ನಾಗಿ ನೆನಪಿಟ್ಟುಕೊಂಡಿದ್ದಳು.

ಹೋದ ವರ್ಷ ಎಲೆ ಉದುರುವ ಕಾಲದಲ್ಲಿ, ಒಂದು ಮಧ್ಯಾಹ್ನ ಅವಳು ಫೋನ್ ಮಾಡಿ ಬೇಗ ಬನ್ನಿ ಎಂದಳು. ಹೋದಾಗ ಎರಡು ರಜಾಯಿ ಹೊದ್ದು ಸೋಫಾದ ಮೇಲೆ ನಡುಗುತ್ತಿದ್ದಳು. ಹಿಂದಿನ ದಿನದಿಂದ ಉರಿಮೂತ್ರ ಇತ್ತಂತೆ. ಥರ್ಮಾಮೀಟರಿನಲ್ಲಿ ಜ್ವರವೇ ಇಲ್ಲ. ಕಾರಿನಲ್ಲಿ ಕೂರಿಸಿಕೊಂಡು ನಮ್ಮ ಬಡಾವಣೆಯ ಡಾಕ್ಟರ ಹತ್ತಿರ ಹೋದೆ. ಅವರು ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. ಬೆರಳು ಚುಚ್ಚಿದರು, ಸಿಆರ್‌ಪಿ ಇಲ್ಲವೆನ್ನುವಷ್ಟು ಕಡಿಮೆ ಬಂತು. ಹೆಂಡತಿ ನನ್ನ ತೋಳು ಹಿಡಿದಳು.

"ರೀ, ಆ ನಂಬರ್ ನೋಡ್ಬೇಡಿ ಅಂತ ಹೇಳ್ರಿ ಅವ್ರಿಗೆ. ನನ್ನ ಇಂಜೆಕ್ಷನ್ ಬಗ್ಗೆ ಹೇಳ್ರಿ."

ಹೇಳಿದೆ. ಡಾಕ್ಟರು ಮೆಷಿನ್ನನ್ನು ಪಕ್ಕಕ್ಕೆ ಸರಿಸಿ ಅವಳ ಉಸಿರನ್ನು ನೋಡಿದರು, ಬಿಪಿ ನೋಡಿದರು, ಕೂಡಲೇ ಆಂಬುಲೆನ್ಸಿಗೆ ಫೋನ್ ಮಾಡಿದರು. ಆಸ್ಪತ್ರೆಯಲ್ಲೂ ಯಾರೂ ತಡಮಾಡಲಿಲ್ಲ. ರಕ್ತ ತೆಗೆದು ಬಾಟಲಿಗಳಲ್ಲಿ ಕಲ್ಚರಿಗೆ ಇಟ್ಟರು. ಅದರಲ್ಲಿ ಏನು ಬೆಳೆಯುತ್ತದೆಂದು ಕಾಯದೆ ಆಗಲೇ ಆಂಟಿಬಯಾಟಿಕ್ ಹಾಕಿದರು.

ಮರುದಿನ ಬೆಳಿಗ್ಗೆ ಅವಳು ಎಚ್ಚರವಾಗಿದ್ದಳು. ರಕ್ತದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿದೆ ಎಂದು ಡಾಕ್ಟರು ಹೇಳಿ ಹೋಗಿದ್ದರು. ಅವಳಿಗಿದ್ದ ಚಿಂತೆ ಗ್ರೋನಿಂಗನ್‌ನಲ್ಲಿ ಓದುತ್ತಿರುವ ನಮ್ಮ ಮಗಳದು.

"ಎಕ್ಸಾಮ್ ನಡೀತಿದೆ, ಈಗ್ಲೇ ಹೇಳ್ಬೇಡಿ. ನಾನು ಮನೆಗೆ ಬಂದ್ಮೇಲೆ ಹೇಳೋಣ," ಎಂದಳು.

ಆಯಿತು ಎಂದೆ. ಸಂಜೆಯ ಹೊತ್ತಿಗೆ ಬಿಪಿ ಕುಸಿಯಿತು, ಕಿಡ್ನಿ ನಿಂತಿತು. ಮಗಳಿಗೆ ಫೋನ್ ಮಾಡಿದೆ. ಅವಳು ದೇಶದ ಆ ತುದಿಯಿಂದ ಸಿಕ್ಕ ರೈಲು ಹತ್ತಿ ಬರುವಷ್ಟರಲ್ಲಿ ತಾಯಿಯ ಬಾಯಲ್ಲಿ ಉಸಿರಿನ ಕೊಳವೆ ಇತ್ತು. ಅಮ್ಮಿ, ಅಮ್ಮಿ ಎಂದು ಕರೆದಳು. ಕೈ ಬೆಚ್ಚಗಿತ್ತು, ಅಷ್ಟೇ.

ಆ ವಾರ ಮುಗಿಯುವ ಮೊದಲೇ ಡಾಕ್ಟರು ನಮ್ಮನ್ನು ಒಂದು ಚಿಕ್ಕ ಕೋಣೆಗೆ ಕರೆದರು. ನನ್ನೊಡನೆ ಇಂಗ್ಲಿಷಿನಲ್ಲಿ ಶುರುಮಾಡಿದರೂ ಮಗಳ ಕಡೆ ತಿರುಗಿದಾಗ ಡಚ್ಚಿಗೆ ಹೋದರು. ಸದಾ ನನಗೆ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, ಕೇಳಿಸಿಕೊಂಡು, ಕನ್ನಡದಲ್ಲಿ ಹೇಳಿದಳು: "ಅಬ್ಬು, ಇನ್ನು ಮೆಷಿನ್‌ನಿಂದ ಏನೂ ಆಗಲ್ವಂತೆ."

ಇಲ್ಲಿನ ಮಸೀದಿಯಿಂದ ಮೊರಾಕ್ಕೊ ಮೂಲದ ಹೆಂಗಸರು ಬಂದು ನನ್ನ ಹೆಂಡತಿಗೆ ಕೊನೆಯ ಸ್ನಾನ ಮಾಡಿಸಿದರು. ಮಗಳೂ ಒಳಗೆ ಹೋಗಿ ನೀರು ಹಾಕಿದಳು. ಇಲ್ಲಿನ ಕಬರಸ್ತಾನದಲ್ಲೇ ದಫನ್ ಮಾಡಿದೆವು. ದಾವಣಗೆರೆಯಲ್ಲಿದ್ದ ಅತ್ತೆಗೆ ವೀಸಾ ಸಿಗುವಷ್ಟು ಸಮಯವಿರಲಿಲ್ಲ. ಅವರು ಮಗಳ ಮಣ್ಣನ್ನು ಫೋನಿನಲ್ಲಿ ನೋಡಿದರು.

ಸ್ವಲ್ಪ ದಿನ ಕಳೆದ ಮೇಲೆ ಆಸ್ಪತ್ರೆಯ ಸಂಶೋಧಕಿಯೊಬ್ಬರು ಮಾತಾಡಬೇಕೆಂದರು. ಸಿಆರ್‌ಪಿ ಏರದವರಲ್ಲಿ ಸೋಂಕನ್ನು ಬೇರೆ ಯಾವ ಗುರುತಿನಿಂದ ಹಿಡಿಯಬಹುದು ಎಂದು ಅವರು ಹುಡುಕುತ್ತಿದ್ದರು. ಬಿಳಿ ರಕ್ತಕಣಗಳು ಶತ್ರುವನ್ನು ಕಂಡಾಗ ತಮ್ಮ ಮೈಮೇಲೆ ಎಬ್ಬಿಸಿಕೊಳ್ಳುವ ಗುರುತು ಅಂಥದ್ದೊಂದು. ಪರೀಕ್ಷೆಗಳಿಗೆಂದು ತೆಗೆದ ನನ್ನ ಹೆಂಡತಿಯ ರಕ್ತ ಒಂದಿಷ್ಟು ಉಳಿದಿತ್ತು. ಬಳಸಿಕೊಳ್ಳಬಹುದೇ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಅವಳು ಮಣ್ಣಿಗೆ ಹೋದ ಮೇಲೂ ಅವಳದೊಂದು ಪಾಲು ಫ್ರಿಜ್ಜಿನಲ್ಲಿದೆ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಬಳಸಿ ಮಿಕ್ಕಿದ್ದನ್ನು ಏನು ಮಾಡುತ್ತೀರಿ ಎಂದೆ. ಸುಡುತ್ತೇವೆ ಎಂದರು, ಮುಚ್ಚಿಡದೆ. ನಮ್ಮಲ್ಲಿ ದೇಹದ್ದು ಯಾವುದನ್ನೂ ಬೆಂಕಿಗೆ ಕೊಡುವುದಿಲ್ಲ. ಅವಳನ್ನು ಹೆತ್ತ ತಾಯಿಯನ್ನು ಕೇಳಿ ಹೇಳುತ್ತೇನೆ ಎಂದು ಎದ್ದುಬಂದೆ.

ಅತ್ತೆ ಫೋನಿನಲ್ಲಿ ಪೂರ್ತಿ ಕೇಳಿಸಿಕೊಂಡರು.

"ಇಷ್ಟು ವರ್ಷ ಟೆಸ್ಟು ಟೆಸ್ಟು ಅಂತ ಎಷ್ಟು ರಕ್ತ ಕೊಟ್ಟಳು ನನ್ನ ಮಗಳು," ಎಂದರು. "ಅದನ್ನೆಲ್ಲ ಏನ್ ಮಾಡಿದ್ರು ಅಂತ ನಾವು ಕೇಳಿದ್ವಾ? ಸುಟ್ಟೇ ಇರ್ತಾರೆ. ಇದು ಇನ್ನೊಬ್ಬರ ಮಗಳಿಗೆ ಆಗುತ್ತೆ ಅಂದ್ರೆ ಕೊಡು ಬೇಟಾ."

ಕೊಟ್ಟೆವು.

ಚಳಿಗಾಲ ಬಂದಾಗ, ಅವಳಿಗೆ ಚಿಕಿತ್ಸೆ ಕೊಟ್ಟಿದ್ದ ಡಾಕ್ಟರು ನನ್ನನ್ನೂ ಮಗಳನ್ನೂ ಕೂರಿಸಿಕೊಂಡು ಎಲ್ಲವನ್ನೂ ವಿವರಿಸಿದರು. ಮೊದಲ ದಿನದ ರಕ್ತದಲ್ಲೇ ಆ ಗುರುತು ಎದ್ದು ಕಾಣುತ್ತಿತ್ತಂತೆ. ಸಿಆರ್‌ಪಿ ಸುಮ್ಮನಿದ್ದರೂ ಅವಳ ಬಿಳಿಕಣಗಳಿಗೆ ಗೊತ್ತಾಗಿತ್ತು. ಅವತ್ತೇ ಇದು ತಿಳಿದಿದ್ದರೆ ಅಮ್ಮಿ ಉಳಿಯುತ್ತಿದ್ದಳೇ ಎಂದು ಮಗಳು ಕೇಳಿದಳು. ಇಲ್ಲ, ನಿಮ್ಮ ತಾಯಿಯ ಮಾತು ನಂಬಿ ಔಷಧಿ ಅವತ್ತೇ ಶುರುಮಾಡಿದ್ದೆವು ಎಂದರು. ಅವರ ಕಣ್ಣೂ ತುಂಬಿತ್ತು. ಎಲ್ಲರೂ ಮಾಡಬೇಕಾದ್ದನ್ನು ಮಾಡಿದ್ದರು. ಕೋಪ ಮಾಡಿಕೊಳ್ಳಲು ಒಬ್ಬರಾದರೂ ಇದ್ದಿದ್ದರೆ ಎಂದು ನನಗೆ ಅನ್ನಿಸಿದ್ದು ನಿಜ. ಪಾರ್ಕಿಂಗ್‌ನಲ್ಲಿ ಮಗಳು ನನ್ನ ಹೆಗಲಿಗೆ ಹಣೆ ಒತ್ತಿ ನಿಂತಳು. ಕಾರು ಹತ್ತಲು ನಮಗೆ ಬಹಳ ಹೊತ್ತು ಬೇಕಾಯಿತು.

ಹೂಬಿಡುವ ಕಾಲಕ್ಕೆ ಅತ್ತೆಗೆ ವೀಸಾ ಸಿಕ್ಕಿತು. ಬಂದ ಮರುದಿನವೇ ಕಬರಿನ ಹತ್ತಿರ ಕರೆದೊಯ್ದೆ. ದುವಾ ಮುಗಿಸಿ, ಬಗ್ಗಿ, ಒಂದು ಹಿಡಿ ಮಣ್ಣೆತ್ತಿ ಬೆರಳಲ್ಲಿ ಉಜ್ಜಿ ನೋಡಿದರು.

"ಎಲ್ಲಾ ಬರೀ ಮರಳು," ಎಂದರು. "ಮಳೆ ಬಂದ್ರೆ ಇದು ನಿಲ್ಲುತ್ತಾ?"

ನಿಲ್ಲುತ್ತೆ ಅಮ್ಮಾ, ಹುಲ್ಲು ಹಿಡಿಯುತ್ತೆ ಎಂದೆ. ಅವರು ಆ ಮಣ್ಣನ್ನು ಮತ್ತೆ ಅಲ್ಲೇ ಹರಡಿ, ಅಂಗೈಯಿಂದ ಮೆಲ್ಲಗೆ ತಟ್ಟುತ್ತ ಕುಳಿತರು.